ಹಳೆಯ ಪ್ರೀ-ವರ್ಕೌಟ್ ಪುಡಿಗಳಲ್ಲಿ ನಿಜವಾಗಿ ಏನಿತ್ತು

ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಹಾಗೂ ಜಿಮ್ ತರಬೇತುದಾರರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ

ಸ್ನೇಹಿತರೇ,

ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಒಂದು ಸ್ಕೂಪ್ ಪುಡಿಯನ್ನು ನೀರಿಗೆ ಬೆರೆಸಿ ಕುಡಿಯುವುದು ಇಂದು ಜಿಮ್‌ಗಳಲ್ಲಿ ದಿನನಿತ್ಯದ ರೂಢಿಯಾಗಿದೆ. ಈ ಪುಡಿಗಳ ಮಾತು ಬಂದಾಗಲೆಲ್ಲ ಹಿರಿಯ ದೇಹದಾರ್ಢ್ಯಪಟುಗಳು ಹೇಳುವುದುಂಟು: ಈಗಿನವು ಏನೇನೂ ಅಲ್ಲ, ಹಳೆಯ ಪುಡಿಗಳ ಕಿಕ್ಕೇ ಬೇರೆಯಾಗಿತ್ತು. ಆ ಮಾತು ಸುಳ್ಳಲ್ಲ. ಹಳೆಯ ಡಬ್ಬಿಗಳಲ್ಲಿ ನಿಜಕ್ಕೂ ಬಲವಾದ ವಸ್ತುಗಳಿದ್ದವು. ಆದರೆ ಕುಡಿದವನಿಗೆ ಮೈಯೆಲ್ಲ ಹುರುಪೇರಿದಂತೆ ಆಗುತ್ತಿದ್ದ ಅನುಭವವೇ ಒಂದು, ಅವನ ಸ್ನಾಯುವಿಗೆ ಸಿಗುತ್ತಿದ್ದ ಲಾಭವೇ ಇನ್ನೊಂದು. ಸುಮಾರು ಮೂರು ದಶಕಗಳ ಕಾಲ ಕಂಪನಿಗಳು ಮಾರಿದ್ದು ಹೆಚ್ಚಾಗಿ ಮೊದಲನೆಯದನ್ನು. ಗಿರಾಕಿ ತಾನು ಕೊಂಡೆನೆಂದು ನಂಬಿದ್ದು ಎರಡನೆಯದನ್ನು. ಈ ಎರಡರ ನಡುವಿನ ಅಂತರದಲ್ಲಿ ಕೆಲವರ ಪ್ರಾಣವೂ ಹೋಗಿದೆ. ಇಂದು ಆ ಡಬ್ಬಿಗಳಲ್ಲಿದ್ದ ವಸ್ತುಗಳನ್ನು ಒಂದೊಂದಾಗಿ ಹೆಸರು ಹಿಡಿದು ನೋಡಬೇಕೆಂದಿದ್ದೇನೆ.

ದೇಹದಾರ್ಢ್ಯದ ಆರಂಭದ ದಿನಗಳಲ್ಲಿ ಈ ತೊಡಕು ಇರಲಿಲ್ಲ, ಏಕೆಂದರೆ ಆಗ ಪಟುಗಳಿಗೆಂದು ಮಾರಾಟವಾಗುತ್ತಿದ್ದದ್ದು ಬಹುಪಾಲು ಆಹಾರವೇ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆಯನ್ನು ನಡೆಸಿದ ಯೂಜೀನ್ ಸ್ಯಾಂಡೋ, ಪ್ಲಾಸ್ಮನ್ ಎಂಬ ಹಾಲಿನ ಪ್ರೋಟೀನ್ ಪುಡಿಯ ಜಾಹೀರಾತಿಗೆ ತನ್ನ ಹೆಸರು ಕೊಟ್ಟಿದ್ದ. ನಮ್ಮ ಗರಡಿಗಳ ಪೈಲ್ವಾನರು ಕುಡಿಯುವ, ನೆನೆಸಿ ರುಬ್ಬಿದ ಬಾದಾಮಿ ಮತ್ತು ಗಸಗಸೆ ಬೆರೆಸಿದ ಹಾಲಿನ ಥಂಡಾಯಿಯೂ ಇದೇ ಜಾತಿಯದು. ಕಾದಂಬರಿಕಾರರೆಂದು ಕನ್ನಡಿಗರೆಲ್ಲರಿಗೂ ಪರಿಚಿತರಾದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕಾಲದ ಅವರ ಭಾವಚಿತ್ರಗಳನ್ನು ನೀವು ನೋಡಿರಬಹುದು. ಸ್ನಾಯುಗಳು ಒಂದೊಂದಾಗಿ ಎಣಿಸುವಂತೆ ಕಾಣುವ ಆ ಶರೀರವನ್ನು ಅವರು ಡಂಬೆಲ್, ಬಾರ್ಬೆಲ್ ಮತ್ತು ಸೂರ್ಯನಮಸ್ಕಾರಗಳಿಂದ ಕಟ್ಟಿಕೊಂಡಾಗ ಪ್ರೀ-ವರ್ಕೌಟ್ ಎಂಬ ಸರಕೇ ಹುಟ್ಟಿರಲಿಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಮಾತ್ರೆಗಳ ಕಾಲ ಬಂತು. ಆಗಿನ ಮುಖ್ಯ ಸರಕು ಒಣಗಿಸಿದ ದನದ ಪಿತ್ತಜನಕಾಂಗದ ಮಾತ್ರೆ. ಇದರ ಹಿಂದೆ ಒಂದು ಪ್ರಯೋಗವಿತ್ತು: 1951ರಲ್ಲಿ ಬೆಂಜಮಿನ್ ಎರ್ಷಾಫ್ ಎಂಬ ವಿಜ್ಞಾನಿ, ಆಹಾರದಲ್ಲಿ ಪಿತ್ತಜನಕಾಂಗ ಬೆರೆಸಿ ತಿನ್ನಿಸಿದ ಇಲಿಗಳು ತಣ್ಣೀರಿನಲ್ಲಿ ಉಳಿದ ಇಲಿಗಳಿಗಿಂತ ಬಹಳ ಹೆಚ್ಚು ಹೊತ್ತು ಈಜಿದವೆಂದು ಪ್ರಕಟಿಸಿದ. ಇಲಿಯ ಈಜಿನಿಂದ ಮನುಷ್ಯನ ಬೆಂಚ್ ಪ್ರೆಸ್‌ಗೆ ಜಿಗಿಯಲು ವ್ಯಾಪಾರಿಗಳಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಕ್ಯಾಲಿಫೋರ್ನಿಯಾದ ಖ್ಯಾತ ತರಬೇತುದಾರ ವಿನ್ಸ್ ಜಿರೊಂಡಾ ತನ್ನ ಶಿಷ್ಯರಿಗೆ ಈ ಮಾತ್ರೆಗಳನ್ನು ದಿನವಿಡೀ ನುಂಗಲು ಹೇಳುತ್ತಿದ್ದ. ಅವುಗಳಲ್ಲಿ ಕಬ್ಬಿಣಾಂಶ, ಬಿ-12 ಮತ್ತಿತರ ಬಿ ಜೀವಸತ್ವಗಳು, ಒಂದಿಷ್ಟು ಪ್ರೋಟೀನ್ ಇದ್ದದ್ದು ನಿಜ. ರಕ್ತಹೀನತೆ ಇದ್ದವನಿಗೆ ಅದರಿಂದ ಪ್ರಯೋಜನವಾಗಿರಬೇಕು. ಉಳಿದವರ ಪಾಲಿಗೆ ಅದು ದುಬಾರಿ ಆಹಾರ, ಅಷ್ಟೆ. ಆದರೆ ಅದರಿಂದ ಯಾರ ಹೃದಯವೂ ನಿಲ್ಲಲಿಲ್ಲ.

ಆ ಕಾಲದಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದ ಪ್ರೀ-ವರ್ಕೌಟ್ ಒಂದೇ ಒಂದು: ಕಪ್ಪು ಕಾಫಿ. ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ಗ್ರಾಹಕಗಳಲ್ಲಿ ಕೂತಾಗ ನಮಗೆ ದಣಿವು, ಮಂಪರು ಬರುತ್ತವೆ. ಕೆಫೀನ್ ಮಾಡುವುದು, ಹೊರಡಲಿರುವ ಬಸ್ಸಿಗೆ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುವವನ ಕೆಲಸ. ಅಡಿನೋಸಿನ್ ಬರುವಷ್ಟರಲ್ಲಿ ಜಾಗ ಭರ್ತಿಯಾಗಿರುತ್ತದೆ. ದಣಿವು ಇಲ್ಲವಾಗುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಲುಪುವುದಿಲ್ಲ. 1978ರಲ್ಲಿ ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು, 330 ಮಿಲಿಗ್ರಾಂ ಕೆಫೀನ್ ಇದ್ದ ಕಾಫಿ ಕುಡಿದ ಸೈಕಲ್ ಪಟುಗಳು ಸುಸ್ತಾಗಿ ನಿಲ್ಲುವ ಮುನ್ನ ಸರಾಸರಿ 90 ನಿಮಿಷ ತುಳಿದರೆಂದೂ, ಕೆಫೀನ್ ತೆಗೆದ ಕಾಫಿ ಕುಡಿದಾಗ ಸುಮಾರು 75 ನಿಮಿಷಕ್ಕೇ ನಿಂತರೆಂದೂ ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ನಡೆದ ಅನೇಕ ಅಧ್ಯಯನಗಳು ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಕೆಫೀನ್ ಪರಿಣಾಮಕಾರಿ ಎಂಬಲ್ಲಿಗೆ ಬಂದು ನಿಂತಿವೆ. ನಮ್ಮ ಫಿಲ್ಟರ್ ಕಾಫಿಯ ಒಂದು ಲೋಟದಲ್ಲಿ ಇದರ ಎಷ್ಟು ಪಾಲು ಇರುತ್ತದೆ ಎಂಬುದು ಪುಡಿಯ ಮಿಶ್ರಣಕ್ಕೂ ಡಿಕಾಕ್ಷನ್ನಿನ ಗಟ್ಟಿತನಕ್ಕೂ ಸೇರಿದ್ದು, ಏಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಕಾಫಿಯ ಈ ಹುರುಪು ಸಾಲದು ಎನಿಸಿದಾಗ ಕಥೆ ದಿಕ್ಕು ಬದಲಿಸಿತು. ಚೀನಾದ ವೈದ್ಯಪದ್ಧತಿಯಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದ್ದ ಮಾ ಹುವಾಂಗ್ ಎಂಬ ಎಫೆಡ್ರಾ ಜಾತಿಯ ಕುರುಚಲು ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಷಿ 1885ರಲ್ಲಿ ಎಫೆಡ್ರಿನ್ ಎಂಬ ಕ್ಷಾರವನ್ನು ಬೇರ್ಪಡಿಸಿದ್ದರು. 1924ರಲ್ಲಿ ಬೀಜಿಂಗ್‌ನ ವೈದ್ಯಕೀಯ ಕಾಲೇಜಿನಲ್ಲಿ ಕೆ.ಕೆ. ಚೆನ್ ಮತ್ತು ಕಾರ್ಲ್ ಸ್ಮಿಟ್ ಅದರ ಔಷಧಗುಣವನ್ನು ವಿವರಿಸಿದ ಮೇಲೆ ಅದು ಅಸ್ತಮಾ ರೋಗಿಗಳಿಗೆ ವರದಾನವಾಯಿತು. ಆಗ ಅಸ್ತಮಾಕ್ಕೆ ಕೊಡುತ್ತಿದ್ದ ಅಡ್ರಿನಲಿನ್ ಅನ್ನು ಬಾಯಿಯಿಂದ ಕೊಟ್ಟರೆ ಫಲವಿಲ್ಲ. ಎಫೆಡ್ರಿನ್ ಅನ್ನು ಮಾತ್ರೆಯಾಗಿ ನುಂಗಬಹುದು, ಅದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಅದು ನರತುದಿಗಳಿಂದ ನಾರ್‌ಅಡ್ರಿನಲಿನ್ ಎಂಬ ಉತ್ತೇಜಕ ವಸ್ತುವನ್ನು ಬಿಡುಗಡೆ ಮಾಡಿಸುತ್ತದೆ. ಉಸಿರಿನ ನಾಳಗಳು ಹಿಗ್ಗುತ್ತವೆ, ಹೃದಯಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಮೈಯಲ್ಲಿ ಶಾಖ ಹೆಚ್ಚು ಹುಟ್ಟುತ್ತದೆ. ಈ ಕೊನೆಯ ಎರಡು ಸಂಗತಿಗಳನ್ನು ದಯವಿಟ್ಟು ನೆನಪಿನಲ್ಲಿಡಿ.

1970ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಎಲ್ಸಿನೋರ್ ಪಟ್ಟಣದ ಒಬ್ಬ ಕುಟುಂಬವೈದ್ಯರು, ತಾವು ಅಸ್ತಮಾಕ್ಕೆಂದು ಎಫೆಡ್ರಿನ್ ಮತ್ತು ಕೆಫೀನ್ ಬೆರೆತ ಮಾತ್ರೆ ಕೊಟ್ಟ ರೋಗಿಗಳು ಸಣ್ಣಗಾಗುತ್ತಿರುವುದನ್ನು ಗಮನಿಸಿದರು. ಉಸಿರಿಗೆ ಕೊಟ್ಟ ಮದ್ದು ಕೊಬ್ಬನ್ನು ಕರಗಿಸುತ್ತಿತ್ತು. ಮುಂದೆ ಈ ಮಿಶ್ರಣ ಬೊಜ್ಜಿನ ಔಷಧಿಯಾಗಿ ಡೆನ್ಮಾರ್ಕಿನಲ್ಲಿ ಅಧಿಕೃತವಾಗಿಯೇ ಮಾರಾಟವಾಯಿತು, 2002ರಲ್ಲಿ ಹಿಂದಕ್ಕೆ ಪಡೆಯಲ್ಪಟ್ಟಿತು. ಜಿಮ್‌ಗಳಲ್ಲಿ ಇದಕ್ಕೆ ಆಸ್ಪಿರಿನ್ ಕೂಡ ಸೇರಿ, ಮೂರರ ಮೊದಲಕ್ಷರಗಳಿಂದ ಇಸಿಎ ಸ್ಟ್ಯಾಕ್ ಎಂಬ ಹೆಸರು ನಿಂತಿತು. ಸಾಮಾನ್ಯ ಲೆಕ್ಕ ಹೀಗಿತ್ತು: ಎಫೆಡ್ರಿನ್ 20ರಿಂದ 25 ಮಿಲಿಗ್ರಾಂ, ಕೆಫೀನ್ 200 ಮಿಲಿಗ್ರಾಂ, ಜೊತೆಗೊಂದು ಆಸ್ಪಿರಿನ್. ಎಫೆಡ್ರಿನ್‌ನ ಓಟಕ್ಕೆ ದೇಹ ತಾನಾಗಿ ಹಾಕುವ ಕಡಿವಾಣಗಳನ್ನು ಉಳಿದೆರಡು ಸಡಿಲಿಸುತ್ತವೆ ಎಂಬುದು ಇದರ ಹಿಂದಿನ ತರ್ಕ. ಔಷಧಶಾಸ್ತ್ರದ ದೃಷ್ಟಿಯಿಂದ ಅದು ಬುದ್ಧಿವಂತ ತರ್ಕವೇ. ಆದರೆ ಆ ಕಡಿವಾಣಗಳು ಅಲ್ಲಿ ಏಕಿದ್ದವು ಎಂದು ಜಿಮ್‌ನಲ್ಲಿ ಕೇಳುವವರು ಇರಲಿಲ್ಲ.

ಇದನ್ನು ನೀರಿಗೆ ಬೆರೆಸುವ ಪುಡಿಯನ್ನಾಗಿಸಿ ಮೊದಲು ಪ್ರಸಿದ್ಧಿಗೆ ತಂದದ್ದು ಅಲ್ಟಿಮೇಟ್ ಆರೆಂಜ್. ಪ್ರೀ-ವರ್ಕೌಟ್ ಪುಡಿಗಳಲ್ಲಿ ಇದನ್ನೇ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದರ ಹಿಂದಿದ್ದವನು 1980ರ ದಶಕದ ಅಮೆರಿಕನ್ ದೇಹದಾರ್ಢ್ಯ ಲೋಕದಲ್ಲಿ ಸ್ಟೆರಾಯ್ಡ್‌ಗಳ ಸಲಹೆಗಾರನೆಂದೇ ಹೆಸರಾಗಿ, ಅದೇ ಕಾರಣಕ್ಕೆ ಜೈಲನ್ನೂ ಕಂಡಿದ್ದ ಡ್ಯಾನ್ ಡುಷೇನ್. ಕಿತ್ತಳೆ ರುಚಿಯ ಆ ಪುಡಿಯಲ್ಲಿ ಸಕ್ಕರೆಯಂಶ, ಅಮೈನೋ ಆಮ್ಲಗಳು ಎಲ್ಲ ಇದ್ದವು. ಕೆಲಸ ಮಾಡುತ್ತಿದ್ದದ್ದು ಮಾ ಹುವಾಂಗ್ ಮತ್ತು ಕೆಫೀನ್. ಹಿರಿಯರು ಇಂದಿಗೂ ಕೊಂಡಾಡುವ ಕಿಕ್ ಇದೇ. ತೂಕ ಎತ್ತುವ ಮುಂಚೆಯೇ ಎದೆ ಬಡಿದುಕೊಳ್ಳುವುದು, ತಲೆಯ ಚರ್ಮ ಜುಮ್ಮೆನ್ನುವುದು, ಎಲ್ಲಿಲ್ಲದ ಛಲ. ಅದು ಅಸ್ತಮಾ ಮದ್ದಿನ ಅಡ್ಡಪರಿಣಾಮ.

1994ರಲ್ಲಿ ಅಮೆರಿಕದ ಸಂಸತ್ತು ಆಹಾರಪೂರಕಗಳಿಗೆ ಪ್ರತ್ಯೇಕ ಕಾಯಿದೆ ಮಾಡಿತು. ಈ ಸರಕುಗಳನ್ನು ಮಾರುಕಟ್ಟೆಗೆ ತರುವ ಮೊದಲು ಅವು ಸುರಕ್ಷಿತವೆಂದು ಔಷಧಿಗಳಂತೆ ಸಾಬೀತುಪಡಿಸುವ ಹೊಣೆ ತಯಾರಕರಿಗೆ ಇಲ್ಲವಾಯಿತು. ಅಪಾಯಕಾರಿ ಎಂದು ತೋರಿಸುವ ಭಾರ ಸರ್ಕಾರದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಮೇಲೆ ಬಿತ್ತು. ಶುದ್ಧ ಎಫೆಡ್ರಿನ್ ಔಷಧಿಯಾಗಿಯೇ ಉಳಿಯಿತು. ಅದೇ ಎಫೆಡ್ರಿನ್ ಇರುವ ಗಿಡದ ಸಾರ ಆಹಾರದ ಪಟ್ಟಿಗೆ ಸೇರಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೆಂದು ನಂಬುವ ಮನೋಭಾವ ನಮ್ಮಲ್ಲೂ ಬೇರೂರಿದೆಯಾದ್ದರಿಂದ ಈ ಭಾಗವನ್ನು ನಾನು ಒತ್ತಿ ಹೇಳುತ್ತೇನೆ. ಎಫೆಡ್ರಾದ ಒಂದು ಪ್ರಭೇದ ನಮ್ಮ ಹಿಮಾಲಯದಲ್ಲೂ ಬೆಳೆಯುತ್ತದೆ. ಅದು ಎಲ್ಲಿ ಬೆಳೆದರೂ ಅದರೊಳಗಿನ ಅಣು ಒಂದೇ, ಹೃದಯದ ಮೇಲಿನ ಪರಿಣಾಮವೂ ಒಂದೇ.

2003ರ ಫೆಬ್ರವರಿ 16ರಂದು ಫ್ಲಾರಿಡಾದ ತರಬೇತಿ ಶಿಬಿರದಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ 23 ವರ್ಷದ ಸ್ಟೀವ್ ಬೆಕ್ಲರ್ ಓಡುತ್ತಿದ್ದಾಗ ಕುಸಿದುಬಿದ್ದರು. ಅವರ ದೇಹದ ಉಷ್ಣತೆ 108 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತ್ತು, ಮರುದಿನ ತೀರಿಕೊಂಡರು. ತೂಕ ಇಳಿಸಲೆಂದು ಅವರು ಎಫೆಡ್ರಾ ಇರುವ ಮಾತ್ರೆ ಸೇವಿಸುತ್ತಿದ್ದರು. ಸ್ಥೂಲಕಾಯ, ರಕ್ತದೊತ್ತಡದ ಹಿನ್ನೆಲೆ, ಸೆಖೆಗೆ ಒಗ್ಗದ ಮೈ, ಸರಿಯಾಗಿ ಉಣ್ಣದಿದ್ದದ್ದು ಇವೆಲ್ಲದರ ಜೊತೆಗೆ ಎಫೆಡ್ರಾ ಕೂಡ ಆ ಸಾವಿಗೆ ಕಾರಣವೆಂದು ಶವಪರೀಕ್ಷೆ ನಡೆಸಿದ ವೈದ್ಯಾಧಿಕಾರಿ ಹೇಳಿದರು. ನಾನು ನೆನಪಿನಲ್ಲಿಡಿ ಎಂದದ್ದು ಇಲ್ಲಿಗೆ ಬಂತು. ಬಿಸಿಲಿನಲ್ಲಿ ದುಡಿಯುವ ದೇಹ ಶಾಖವನ್ನು ಹೊರಹಾಕುವ ದೊಡ್ಡ ದಾರಿ ಚರ್ಮಕ್ಕೆ ರಕ್ತ ಹರಿಸಿ ಬೆವರಿಸುವುದು. ಎಫೆಡ್ರಿನ್ ಒಳಗೆ ಶಾಖ ಹೆಚ್ಚಿಸುತ್ತದೆ, ಹೊರಗಿನ ಬಾಗಿಲನ್ನು ಬಿಗಿಯುತ್ತದೆ, ಸಾಕು ನಿಲ್ಲು ಎನ್ನುವ ದಣಿವಿನ ಮಾತನ್ನು ಮನಸ್ಸಿಗೆ ಮುಟ್ಟಗೊಡುವುದಿಲ್ಲ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ಓಟದಲ್ಲಿ, ಮೋಂ ವಾಂಟು ಬೆಟ್ಟದ ಸುಡುಬಿಸಿಲಿನ ಏರಿನಲ್ಲಿ ಟಾಮ್ ಸಿಂಪ್ಸನ್ ಪ್ರಾಣ ಬಿಟ್ಟಾಗಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ಇತ್ತು, ಇಲ್ಲಿ ಎಫೆಡ್ರಾ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರುಗಳಲ್ಲಿ, ತಗಡಿನ ಮಾಡಿನ ಕೆಳಗೆ ಜಿಮ್ ನಡೆಸುವವರು ಈ ಎರಡು ಸಾವುಗಳನ್ನು ಮರೆಯಬಾರದು.

ಎಫೆಡ್ರಾ ಇರುವ ಆಹಾರಪೂರಕಗಳ ಮೇಲೆ ಎಫ್‌ಡಿಎ ಹೇರಿದ ನಿಷೇಧ 2004ರ ಏಪ್ರಿಲ್ 12ರಂದು ಜಾರಿಗೆ ಬಂತು. ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿ 2006ರಲ್ಲಿ ಮತ್ತೆ ಗಟ್ಟಿಯಾಯಿತು. ಆದರೆ ಗಿರಾಕಿಗೆ ಆ ಕಿಕ್‌ನ ಅಭ್ಯಾಸವಾಗಿಹೋಗಿತ್ತು. ಆ ಖಾಲಿ ಜಾಗಕ್ಕೆ ಬಂದದ್ದು ಡಿಎಂಎಎ ಎಂಬ ಉತ್ತೇಜಕ. ಎಲಿ ಲಿಲ್ಲಿ ಕಂಪನಿ 1940ರ ದಶಕದಲ್ಲಿ ಮೂಗು ಕಟ್ಟಿದಾಗ ಸೇದುವ ಔಷಧಿಯಾಗಿ ತಂದು, 1983ರಲ್ಲಿ ಕೈಬಿಟ್ಟ ರಾಸಾಯನಿಕ ಇದು. ಎರಡು ದಶಕಗಳ ಬಳಿಕ ಅದು ಜೆರೇನಿಯಂ ಹೂಗಿಡದ ಎಣ್ಣೆಯ ಅಂಶವೆಂಬ ಹೆಸರು ಹೊತ್ತು ಪುಡಿಗಳಲ್ಲಿ ಪ್ರತ್ಯಕ್ಷವಾಯಿತು. ಆ ಪೀಳಿಗೆಯ ಅತಿ ಹೆಸರಾದ ಡಬ್ಬಿ ಜ್ಯಾಕ್ಡ್. ನಮ್ಮೂರುಗಳ ಜಿಮ್‌ಗಳಲ್ಲಿ ಹಳೆಯ ಪ್ರೀ-ವರ್ಕೌಟ್ ಎಂದು ಈಗಿನ 35-40 ವಯಸ್ಸಿನವರು ನೆನೆಯುವುದು ಹೆಚ್ಚಾಗಿ ಇದನ್ನೇ.

ಅದರ ಲೇಬಲ್ಲನ್ನು ಸ್ವಲ್ಪ ಹತ್ತಿರದಿಂದ ಓದೋಣ. ಅರ್ಜಿನಿನ್, ಕ್ರಿಯೇಟಿನ್, ಬೀಟಾ-ಅಲನಿನ್, ಕೆಫೀನ್, ಡಿಎಂಎಎ ಮತ್ತು ಒಂದು ಸಸ್ಯಸಾರ, ಇಷ್ಟನ್ನೂ ಒಟ್ಟು ಸೇರಿಸಿ ಒಂದು ಸ್ಕೂಪಿಗೆ 4 ಗ್ರಾಂ ಮತ್ತು ಚೂರು ಎಂದು ಬರೆದಿತ್ತು. ಯಾವುದು ಎಷ್ಟು ಎಂಬುದು ಕಂಪನಿಯ ಗುಟ್ಟು. ಈಗ ಲೆಕ್ಕ ಹಾಕಿ. ಕ್ರಿಯೇಟಿನ್ ಫಲ ಕೊಡಲು ದಿನಕ್ಕೆ 3ರಿಂದ 5 ಗ್ರಾಂ ಬೇಕು. ಬೀಟಾ-ಅಲನಿನ್ ದಿನಕ್ಕೆ 3 ಗ್ರಾಂಗೂ ಹೆಚ್ಚು ಬೇಕು. ಈ ಎರಡೇ ಸೇರಿದರೂ ಸ್ಕೂಪ್ ತುಂಬಿ ಚೆಲ್ಲುತ್ತದೆ. ಹಾಗಾದರೆ ಅಷ್ಟು ಚಿಕ್ಕ ಸ್ಕೂಪಿನಲ್ಲಿ ಪೂರ್ಣ ಪ್ರಮಾಣದಲ್ಲಿ ಇರಲು ಸಾಧ್ಯವಿದ್ದದ್ದು ಯಾವುದು? ಮಿಲಿಗ್ರಾಂಗಳಲ್ಲೇ ಕೆಲಸ ಮಾಡುವ ಕೆಫೀನ್ ಮತ್ತು ಡಿಎಂಎಎ ಮಾತ್ರ. ಉಳಿದ ಹೆಸರುಗಳು ಅಲ್ಲಿದ್ದದ್ದು ಓದುವವನ ವಿಶ್ವಾಸಕ್ಕಾಗಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ವಿಶ್ವ ಉದ್ದೀಪನಮದ್ದು ತಡೆ ಸಂಸ್ಥೆ 2010ರ ನಿಷೇಧಿತ ಪಟ್ಟಿಯಲ್ಲಿ ಡಿಎಂಎಎಯನ್ನು ಮೀಥೈಲ್‌ಹೆಕ್ಸೇನಮೀನ್ ಎಂಬ ಹೆಸರಿನಿಂದ ಸೇರಿಸಿತು. ಅದೇ ವರ್ಷ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕೆಲವೇ ವಾರಗಳಿದ್ದಾಗ ನಮ್ಮ ದೇಶದ ಹಲವು ಕ್ರೀಡಾಪಟುಗಳು ಇದೇ ವಸ್ತುವಿಗೆ ಸಿಕ್ಕಿಬಿದ್ದರು. ಕೂಟದಲ್ಲಿ ಮಹಿಳೆಯರ 100 ಮೀಟರ್ ಓಟದ ಚಿನ್ನ ಪಡೆದ ನೈಜೀರಿಯಾದ ಓಟಗಾರ್ತಿ ಪದಕ ಕಳೆದುಕೊಂಡದ್ದೂ ಇದರಿಂದಲೇ. 2011ರಲ್ಲಿ ಅಮೆರಿಕದ ಇಬ್ಬರು ಸೈನಿಕರ ಸಾವಿನ ನಂತರ ಅಲ್ಲಿನ ಸೇನಾ ಅಂಗಡಿಗಳು ಡಿಎಂಎಎ ಡಬ್ಬಿಗಳನ್ನು ತೆಗೆದುಹಾಕಿದವು. 2012ರ ಲಂಡನ್ ಮ್ಯಾರಥಾನಿನಲ್ಲಿ 30 ವರ್ಷದ ಮಹಿಳೆಯೊಬ್ಬರು ಗುರಿ ಸಮೀಪಿಸುತ್ತಿದ್ದಾಗ ಕುಸಿದು ಸತ್ತರು; ಅವರು ತಮ್ಮ ನೀರಿನ ಬಾಟಲಿಗೆ ಇಂಥದೇ ಒಂದು ಸ್ಕೂಪ್ ಪುಡಿ ಹಾಕಿಕೊಂಡಿದ್ದರು.

ಲೇಬಲ್ಲಿನ ವಿಷಯದಲ್ಲಿ ನಮ್ಮವರೇ ಆದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರ ಪ್ರಕರಣವನ್ನು ಹೇಳಲೇಬೇಕು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಿದ್ದ ಅವರು ಮರುವರ್ಷ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ವಿಫಲರಾದರು. ತರಬೇತುದಾರರು ಚೀನಾದಿಂದ ತಂದು ಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತೆಂಬುದು ಅವರ ಮತ್ತು ಜೊತೆಗಾರ್ತಿಯರ ವಾದವಾಗಿತ್ತು. ಆದರೂ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಗಳ ನಿಷೇಧವನ್ನೇ ವಿಧಿಸಿತು. ತನ್ನ ದೇಹದೊಳಗೆ ಸಿಕ್ಕ ವಸ್ತುವಿಗೆ ಕ್ರೀಡಾಪಟುವೇ ಹೊಣೆ ಎಂಬುದು ಅಲ್ಲಿನ ನಿಯಮ. ಆದ್ದರಿಂದ ಸ್ಪರ್ಧೆಗೆ ಇಳಿಯುವ ಶಿಷ್ಯರಿರುವ ತರಬೇತುದಾರರು ಡಬ್ಬಿಯನ್ನು ಕೈಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು.

ಇನ್ನು ಅನುಭವದ ಮಾತಿಗೆ ಮರಳುತ್ತೇನೆ. ಬೀಟಾ-ಅಲನಿನ್ ಕುಡಿದ ಕಾಲು ಗಂಟೆಗೆ ಮುಖ, ಕಿವಿ, ಕೈಬೆರಳುಗಳಲ್ಲಿ ಇರುವೆ ಹರಿದಂತೆ ಚುಮುಚುಮು ಎನ್ನುತ್ತದೆ. ಪುಡಿ ಹತ್ತಿತು ಎಂದು ಹುಡುಗರು ಸಂತೋಷಪಡುತ್ತಾರೆ. ಆ ಚುಮುಚುಮು ಚರ್ಮದ ನರಗಳದ್ದು, ನಿರಪಾಯಕಾರಿ, ಸ್ನಾಯುವಿಗೂ ಅದಕ್ಕೂ ಸಂಬಂಧವಿಲ್ಲ. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುವ ಕಾರ್ನೊಸಿನ್ ಎಂಬ ವಸ್ತುವಿನ ಪ್ರಮಾಣವನ್ನು ಬೀಟಾ-ಅಲನಿನ್ ಹೆಚ್ಚಿಸಲು ವಾರಗಟ್ಟಲೆ ಬೇಕು. ವ್ಯಾಯಾಮದ ಮುಂಚೆಯೇ ಕುಡಿಯಬೇಕೆಂಬ ನಿಯಮವೇನೂ ಇಲ್ಲ. ಕೆಲವು ಪುಡಿಗಳಲ್ಲಿರುವ ನಿಯಾಸಿನ್ ಎಂಬ ಬಿ ಜೀವಸತ್ವ ಕುಡಿದು ಮೈ ಕೆಂಪಾಗಿ ಬಿಸಿಯೇರುವುದೂ ಹೀಗೆಯೇ ಕೇವಲ ಚರ್ಮದ ಸಂಗತಿ. ರಕ್ತನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕುರಿತ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂದ ಬೆನ್ನಲ್ಲೇ, ಅದನ್ನು ತಯಾರಿಸಲು ದೇಹ ಬಳಸುವ ಅರ್ಜಿನಿನ್ ಪಂಪ್ (ಸ್ನಾಯು ರಕ್ತ ತುಂಬಿ ಉಬ್ಬುವುದು) ಹೆಸರಿನಲ್ಲಿ ಮಾರಾಟವಾಯಿತು; ಆದರೆ ಕುಡಿದ ಅರ್ಜಿನಿನ್‌ನ ದೊಡ್ಡ ಪಾಲು ಕರುಳು ಮತ್ತು ಪಿತ್ತಜನಕಾಂಗಗಳಲ್ಲೇ ಕರಗಿಹೋಗುತ್ತದೆ.

ಇವೆಲ್ಲದರ ಎದುರು ಕ್ರಿಯೇಟಿನ್ ಇದೆ. ಫ್ರಾನ್ಸಿನ ಷೆವ್ರಲ್ 1832ರಲ್ಲೇ ಮಾಂಸದಿಂದ ಬೇರ್ಪಡಿಸಿದ್ದ ಈ ವಸ್ತುವನ್ನು ಬಾಯಿಯಿಂದ ಸೇವಿಸಿದರೆ ಸ್ನಾಯುವಿನ ಸಂಗ್ರಹ ಹೆಚ್ಚುತ್ತದೆಂದು ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಅದೇ ವರ್ಷದ ಬಾರ್ಸಿಲೋನಾ ಒಲಿಂಪಿಕ್ಸ್ ನಂತರ ಅದು ಮನೆಮಾತಾಯಿತು. ಕುಡಿದಾಗ ಏನೂ ಆಗುವುದಿಲ್ಲ: ಎದೆ ಬಡಿಯುವುದಿಲ್ಲ, ಚರ್ಮ ಚುಮುಗುಡುವುದಿಲ್ಲ. ಕೆಲವು ವಾರಗಳಲ್ಲಿ ಒಂದು ಸೆಟ್ಟಿಗೆ ಒಂದೋ ಎರಡೋ ರೆಪ್ (ತೂಕ ಎತ್ತುವ ಸಲ) ಹೆಚ್ಚು ಬರುತ್ತವೆ, ಅಷ್ಟೆ. ಮಾಂಸ, ಮೀನು ತಿನ್ನದವರ ಸ್ನಾಯುವಿನಲ್ಲಿ ಇದರ ಸಂಗ್ರಹ ಮೊದಲೇ ಕಡಿಮೆ ಇರುವುದರಿಂದ ನಮ್ಮ ಸಸ್ಯಾಹಾರಿ ಹುಡುಗರಿಗೆ ಇದರ ಪ್ರಯೋಜನ ಹೆಚ್ಚು. ಇಷ್ಟು ಚೆನ್ನಾಗಿ ಪರೀಕ್ಷೆಗೊಳಗಾದ, ಅಗ್ಗದ ವಸ್ತುವನ್ನು ಕಿಕ್ ಇಲ್ಲವೆಂಬ ಕಾರಣಕ್ಕೆ ಬಿಟ್ಟು, ಕಿಕ್ ಇರುವುದನ್ನು ಹುಡುಕಿಕೊಂಡು ಹೋಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಆ ಹುಡುಕಾಟ ಈಗ ನಮ್ಮ ದೇಶದಲ್ಲಿ ಮೆಫೆಂಟರ್ಮಿನ್ ಚುಚ್ಚುಮದ್ದಿನವರೆಗೆ ಬಂದಿದೆ. ಇದು ಶಸ್ತ್ರಚಿಕಿತ್ಸೆಯ ವೇಳೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕುಸಿಯುವ ರಕ್ತದೊತ್ತಡವನ್ನು ಮೇಲೆತ್ತಲು ಅರಿವಳಿಕೆ ತಜ್ಞರು ಬಳಸುವ ಔಷಧಿ; ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದನ್ನು ವ್ಯಾಯಾಮಕ್ಕೆ ಮೊದಲು ಚುಚ್ಚಿಕೊಳ್ಳುವವರಿದ್ದಾರೆ. ಅಂಥವರಲ್ಲಿ ಬಿಡಲಾಗದ ಚಟ ಮತ್ತು ಮನೋವಿಕಾರ ಉಂಟಾದ ಪ್ರಕರಣಗಳನ್ನು ಭಾರತೀಯ ಮನೋವೈದ್ಯರು ದಾಖಲಿಸಿದ್ದಾರೆ. ಸಹಜ ರಕ್ತದೊತ್ತಡವಿರುವ ಯುವಕ ಅದನ್ನು ತೆಗೆದುಕೊಂಡು ಭಾರೀ ತೂಕದ ಸ್ಕ್ವಾಟ್‌ಗೆ ಇಳಿದರೆ, ತೂಕ ಎತ್ತುವಾಗ ತಾನಾಗಿಯೇ ಜಿಗಿಯುವ ಒತ್ತಡದ ಮೇಲೆ ಔಷಧಿಯ ಒತ್ತಡವೂ ಬಂದು ಕೂರುತ್ತದೆ. ನಿಮ್ಮ ಜಿಮ್‌ನ ಕಸದ ಬುಟ್ಟಿಯಲ್ಲಿ ಸಿರಿಂಜು ಕಂಡರೆ ಸುಮ್ಮನಿರಬೇಡಿ. ಆ ಹುಡುಗನನ್ನು ಗದರಿಸಿ ಓಡಿಸದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಉಪನ್ಯಾಸದ ಕೊನೆಯಲ್ಲಿ ತರಬೇತುದಾರರೊಬ್ಬರು ಕೇಳಿದರು: “ಹಾಗಾದರೆ ಸರ್, ಹುಡುಗರಿಗೆ ಏನು ಹೇಳೋಣ?” ನಾನು ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಹೃದಯದ ತೊಂದರೆ, ರಕ್ತದೊತ್ತಡ ಇಲ್ಲದವರು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಕಾಫಿ ಕುಡಿಯಬಹುದು. ಅದರ ಅರ್ಧದಷ್ಟು ಕೆಫೀನ್ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲೇ ಇರುವುದರಿಂದ ಸಂಜೆ ಏಳರ ಬ್ಯಾಚಿನವರು ಕುಡಿದರೆ ನಿದ್ದೆ ಕೆಡುತ್ತದೆ. ಕ್ರಿಯೇಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿನಲ್ಲಾದರೂ ಸರಿ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕ್ರಿಯೇಟಿನ್ ತೆಗೆದುಕೊಳ್ಳುವವರು ರಕ್ತಪರೀಕ್ಷೆಗೆ ಹೋದಾಗ ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಅದು ದೇಹದಲ್ಲಿ ಕ್ರಿಯೇಟಿನಿನ್ ಆಗಿ ಪರಿವರ್ತನೆಯಾಗುವುದರಿಂದ ವರದಿಯಲ್ಲಿ ಆ ಅಂಕಿ ಏರಿ, ಮೂತ್ರಪಿಂಡ ಚೆನ್ನಾಗಿಯೇ ಇದ್ದರೂ ಕೆಟ್ಟಿದೆಯೇನೋ ಎಂಬ ಅನುಮಾನಕ್ಕೆ ಎಡೆಮಾಡಿಕೊಡುತ್ತದೆ.